ಬೀಪ್ ಅಂದಾಗ ಮೊದಲು ಮುಖ ನೋಡಿ

ವಾರ್ಡಿನ ನರ್ಸ್ ಹುಡುಗಿಯರಿಗೂ ಹುಡುಗರಿಗೂ ಒಂದಿಷ್ಟು ಕಿವಿಮಾತು. ಈಗ ಹಾಸಿಗೆಗೊಂದು ಮಾನಿಟರ್, ಮೇಜಿಗೊಂದು ಕಂಪ್ಯೂಟರ್, ಜೇಬಿಗೊಂದು ಮೊಬೈಲ್. ಬೆಳಗ್ಗೆ ಹೊಸ ಯಂತ್ರ ಬಂದರೆ ಮಧ್ಯಾಹ್ನದೊಳಗೆ ಕಲಿತುಬಿಡುತ್ತೀರಿ. ನಮ್ಮ ಹಾಗೆ ಒಂದು ಗುಂಡಿ ಒತ್ತಲು ಮೂರು ಜನರನ್ನು ಕರೆಯುವುದಿಲ್ಲ. ಕಲಿಯುವುದರಲ್ಲಿ ನಿಮ್ಮನ್ನು ಮೀರಿಸುವವರಿಲ್ಲ, ಮರೆಯುವುದರಲ್ಲೂ ಇಲ್ಲ! ಚಾರ್ಜಿಗೆ ಹಾಕುವುದು, ಡಬ್ಬಿ ಮುಚ್ಚುವುದು, ಲಾಗೌಟ್ ಆಗುವುದು, ಇಂಥ ಪುಟ್ಟ ಕೆಲಸಗಳೇ ಕೈತಪ್ಪುವುದು. ರಾತ್ರಿ ಪಾಳಿಯಲ್ಲಿ ಇಡೀ ವಾರ್ಡಿಗೆ ಇಬ್ಬರೇ ಇರುತ್ತೀರಿ ಅನ್ನುವುದೂ ಗೊತ್ತು, ಬೈಯುತ್ತಿಲ್ಲ. ಚಹಾ ಕುಡಿಯುತ್ತಾ ಓದಿ.

• ಮಾನಿಟರ್ ಕೂಗಿದರೆ ಓಡಿಹೋಗಿ ಸೈಲೆನ್ಸ್ ಗುಂಡಿ ಒತ್ತಬೇಡಿ. ಮೊದಲು ರೋಗಿಯ ಮುಖ ನೋಡಿ, ಕೈ ಹಿಡಿದು ನಾಡಿ ನೋಡಿ, ಆಮೇಲೆ ಪರದೆ ನೋಡಿ. ಗೆರೆ ಸಪಾಟಾಗಿದ್ದರೂ ಅಜ್ಜ ಎದ್ದು ಕೂತು ಕಾಫಿ ಕುಡಿಯುತ್ತಿರಬಹುದು, ಎದೆಯ ಲೀಡ್ ಕಳಚಿರುತ್ತದೆ ಅಷ್ಟೇ. ಪರದೆಯ ಮೇಲೆ ಎಲ್ಲ ಸರಿಯಿದ್ದು ಮನುಷ್ಯ ಬೆವರಿ ತಣ್ಣಗಾಗಿರುವುದೂ ಉಂಟು. ನನಗೆ ಭಯ ಈ ಎರಡನೆಯದರದ್ದು. ಆಗ ಯಾವ ಯಂತ್ರವೂ ನಿಮ್ಮನ್ನು ಕೂಗಿ ಕರೆಯುವುದಿಲ್ಲ.

• ಡ್ಯೂಟಿ ಹಿಡಿದ ಕೂಡಲೇ ಪ್ರತಿ ಹಾಸಿಗೆಯ ಅಲಾರಾಂ ಮಿತಿ ನೋಡಿಕೊಳ್ಳಿ. ಹಿಂದಿನ ರೋಗಿಗೆ ಇಟ್ಟ ಮಿತಿ ಹೊಸಬರಿಗೂ ಹಾಗೇ ಉಳಿದಿರುತ್ತದೆ. ಹಳೆಯ ಸಿಓಪಿಡಿ ಕಾಯಿಲೆಯವರಿಗೆ ಆಮ್ಲಜನಕ 88ರಿಂದ 92ರ ನಡುವೆ ಇದ್ದರೆ ಸಾಕು ಎಂದು ಡಾಕ್ಟರು ಹೇಳಿರುತ್ತಾರೆ. ಯಂತ್ರ 95ಕ್ಕೆ ಕೂತಿದ್ದರೆ ರಾತ್ರಿಯಿಡೀ ಅರಚುತ್ತದೆ, ನಿಮ್ಮ ಕಿವಿ ಅದಕ್ಕೆ ಒಗ್ಗಿಹೋಗುತ್ತದೆ, ಪಕ್ಕದ ಹಾಸಿಗೆಯ ನಿಜವಾದ ಕೂಗೂ ಅದರಲ್ಲೇ ಮುಳುಗುತ್ತದೆ. ಡಾಕ್ಟರನ್ನು ಕೇಳಿ ಮಿತಿ ಬದಲಿಸಿ. ಅಲಾರಾಂ ಪೂರ್ತಿ ಆಫ್ ಮಾತ್ರ ಮಾಡಬೇಡಿ.

• ಎದೆಗೆ ಅಂಟಿಸುವ ಎಲೆಕ್ಟ್ರೋಡ್ ಪೊಟ್ಟಣವನ್ನು ಹರಿದು ಹಾಗೇ ಟ್ರಾಲಿಯ ಮೇಲೆ ಬಿಡಬೇಡಿ, ಮಡಚಿ ಕ್ಲಿಪ್ ಹಾಕಿ. ಒಳಗಿನ ಜೆಲ್ ಒಣಗಿದರೆ ಇಡೀ ಪೊಟ್ಟಣ ದಂಡ. ಅಂಟಿಸುವ ಮೊದಲು ಚರ್ಮದ ಬೆವರು, ಎಣ್ಣೆ ಒರೆಸಿ. ದಿನಕ್ಕೊಮ್ಮೆ ಬದಲಿಸಿ. ಅರ್ಧದಷ್ಟು ಸುಳ್ಳು ಅಲಾರಾಂ ಇಷ್ಟರಿಂದಲೇ ನಿಲ್ಲುತ್ತದೆ ಎಂದು ನನ್ನ ಲೆಕ್ಕ, ಮಾಡಿ ನೋಡಿ.

• ಬೆರಳಿಗೆ ಪಲ್ಸ್ ಆಕ್ಸಿಮೀಟರ್ ಹಾಕುವ ಮೊದಲು ಬೆರಳು ನೋಡಿ. ನೇಲ್ ಪಾಲಿಶ್ ಇದ್ದರೆ ಒರೆಸಿ. ಮದುವೆ ಮನೆಯಿಂದ ಬಂದವರ ಬೆರಳಿಗೆ ಕಪ್ಪಗೆ ಮೆಹಂದಿ ಹತ್ತಿದ್ದರೆ ಬೇರೆ ಬೆರಳಿಗೋ ಕಿವಿಯ ಹಾಲೆಗೋ ಹಾಕಿ. ಕೈ ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿ. ಬಿಪಿ ಪಟ್ಟಿ ಕಟ್ಟಿದ ಕೈಗೇ ಇದನ್ನೂ ಹಾಕಬೇಡಿ, ಪಟ್ಟಿ ಉಬ್ಬಿದಾಗಲೆಲ್ಲ ರಕ್ತ ನಿಂತು ಅಂಕಿ ಬೀಳುತ್ತದೆ, ನೀವು ಗಾಬರಿಯಾಗುತ್ತೀರಿ.

• ಆಕ್ಸಿಮೀಟರ್ ಹಾಕಿದ ತಕ್ಷಣ ಕಂಡ ಅಂಕಿ ಬರೆಯಬೇಡಿ. ಅಲೆ ಸ್ಥಿರವಾಗುವ ತನಕ ಕಾಯಿರಿ. ಅದು ತೋರಿಸುವ ನಾಡಿ ಬಡಿತವೂ ನಿಮ್ಮ ಕೈಗೆ ಸಿಕ್ಕ ನಾಡಿಯೂ ಒಂದೇ ಇದೆಯೇ ನೋಡಿ, ಹೊಂದದಿದ್ದರೆ ಆಮ್ಲಜನಕದ ಅಂಕಿಯನ್ನೂ ನಂಬಬೇಡಿ. ಮೈಬಣ್ಣ ಗಾಢವಾಗಿರುವವರಲ್ಲಿ ಯಂತ್ರ ನಿಜಕ್ಕಿಂತ ತುಸು ಹೆಚ್ಚು ತೋರಿಸುವ ಸಂಭವವುಂಟು. ಹೊಗೆ ತುಂಬಿದ ಕೋಣೆಯಿಂದ ಎತ್ತಿ ತಂದವರಲ್ಲಂತೂ 99 ತೋರಿಸಿ ಪೂರ್ತಿ ಮೋಸ ಮಾಡಬಹುದು. ಕಾರ್ಬನ್ ಮಾನಾಕ್ಸೈಡ್ ಹಿಡಿದ ರಕ್ತ ಅದರ ಕಣ್ಣಿಗೆ ಆಮ್ಲಜನಕ ತುಂಬಿದ ರಕ್ತದ ಹಾಗೇ ಕಾಣುತ್ತದೆ.

• ಉಸಿರನ್ನು ನೀವೇ ಎಣಿಸಿ, ಪೂರ್ತಿ ಒಂದು ನಿಮಿಷ. ಯಾವ ಚಾರ್ಟ್ ತೆಗೆದರೂ ಎಲ್ಲರ ಉಸಿರೂ 20! ಮಲಗಿದವರದ್ದೂ 20, ದಮ್ಮು ಹತ್ತಿದವರದ್ದೂ 20, ಒಂದು ಸಾಲಿನ ಕೆಳಗೆ ಇನ್ನೊಂದು. ರೋಗಿ ಕೆಡುತ್ತಿದ್ದಾನೆ ಎಂದು ಮೊದಲು ಹೇಳುವುದು ಬಹಳ ಸಲ ಉಸಿರೇ. ಅದನ್ನೇ ಊಹೆಯಿಂದ ತುಂಬಿದರೆ ಅಷ್ಟು ದುಡ್ಡಿನ ಕಂಪ್ಯೂಟರ್ ಇಟ್ಟು ಏನು ಬಂತು ಹೇಳಿ.

• ಬಿಪಿ ಪಟ್ಟಿ ತೋಳಿಗೆ ತಕ್ಕದ್ದೇ ಕಟ್ಟಿ. ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೆ ಬಿಪಿ ಇಲ್ಲದವರಿಗೂ ಬಿಪಿ ಬರುತ್ತದೆ. ಮೂರು ಅಳತೆಯ ಪಟ್ಟಿ ಇಂಡೆಂಟ್ ಹಾಕಿ ತರಿಸಿಡಿ. ರೋಗಿಯನ್ನು ಐದು ನಿಮಿಷ ಸುಮ್ಮನೆ ಕೂರಿಸಿ, ಬೆನ್ನಿಗೆ ಆಸರೆ ಇರಲಿ, ಕಾಲ ಮೇಲೆ ಕಾಲು ಬೇಡ, ತೋಳು ಎದೆಯ ಮಟ್ಟಕ್ಕಿರಲಿ, ಮಾತು ಬೇಡ. ಈ ಕೊನೆಯದು ನಿಮಗೂ ಸೇರಿಸಿ ಹೇಳಿದ್ದು.

• ನಾಡಿ ಅಡ್ಡಾದಿಡ್ಡಿ ಹೊಡೆಯುತ್ತಿದ್ದರೆ ಡಿಜಿಟಲ್ ಬಿಪಿ ಯಂತ್ರವನ್ನು ಪಕ್ಕಕ್ಕಿಡಿ. ಅದು ಬಡಿತದ ಕಂಪನ ನೋಡಿ ಲೆಕ್ಕ ಹಾಕುವಂಥದ್ದು, ಬಡಿತವೇ ತಪ್ಪಿದಾಗ ಅದರ ಲೆಕ್ಕವೂ ತಪ್ಪುತ್ತದೆ. ಕೈಯಿಂದ ಊದುವ ಯಂತ್ರ ಒಂದು, ಸ್ಟೆಥೋಸ್ಕೋಪ್ ಒಂದು ವಾರ್ಡಿನಲ್ಲಿ ಸದಾ ಇರಲಿ. ಕಿವಿಯಿಂದ ಕೇಳಿ ಬಿಪಿ ನೋಡುವುದನ್ನು ವಾರಕ್ಕೊಮ್ಮೆಯಾದರೂ ಮಾಡುತ್ತಿರಿ, ಇಲ್ಲದಿದ್ದರೆ ಕೈ ಮರೆಯುತ್ತದೆ.

• ಗ್ಲೂಕೋಮೀಟರ್ ಸ್ಟ್ರಿಪ್ ಡಬ್ಬಿಯ ಮುಚ್ಚಳ ತೆಗೆದ ಕೈಯಲ್ಲೇ ಮುಚ್ಚಿ. ಮಲೆನಾಡಿನ ಮಳೆಗಾಲದಲ್ಲೋ ಮಂಗಳೂರಿನ ಕಡೆಯ ಹವೆಯಲ್ಲೋ ಬಿಚ್ಚಿಟ್ಟರೆ ಸ್ಟ್ರಿಪ್ಪು ಹಪ್ಪಳದಂತೆ ತೇವ ಹೀರುತ್ತದೆ, ಆಮೇಲೆ ಬಾಯಿಗೆ ಬಂದ ಅಂಕಿ ಹೇಳುತ್ತದೆ. ಡಬ್ಬಿ ತೆರೆದ ದಿನದ ತಾರೀಕು ಅದರ ಮೇಲೇ ಬರೆಯಿರಿ. ತೆರೆದ ಮೇಲೆ ಎಷ್ಟು ದಿನ ಬಾಳುತ್ತದೆ ಎಂದು ಕಂಪನಿಯವರು ಅಚ್ಚು ಹಾಕಿರುತ್ತಾರೆ, ಕನ್ನಡಕ ಹಾಕಿಕೊಂಡು ಓದಿ.

• ಚುಚ್ಚುವ ಮೊದಲು ರೋಗಿಯ ಕೈ ಸೋಪು ನೀರಿನಲ್ಲಿ ತೊಳೆಸಿ ಒರೆಸಿ. ಬಾಳೆಹಣ್ಣು ಸುಲಿದ ಬೆರಳಿನಲ್ಲಿ ರಕ್ತ ತೆಗೆದರೆ ಸಕ್ಕರೆ ಅಂಕಿ ಮೇಲೆ ಹಾರುತ್ತದೆ, ಅದನ್ನು ನಂಬಿ ಇನ್ಸುಲಿನ್ ಕೊಟ್ಟರೆ ಮನುಷ್ಯ ಕೆಳಗೆ ಬೀಳುತ್ತಾನೆ. ಸ್ಪಿರಿಟ್ ಹಚ್ಚಿದ್ದರೆ ಒಣಗಲಿ. ಬೆರಳ ತುದಿಯ ನಡುಮಧ್ಯೆ ಬೇಡ, ಪಕ್ಕಕ್ಕೆ ಚುಚ್ಚಿ, ನೋವು ಕಡಿಮೆ. ದಿನಕ್ಕೆ ನಾಲ್ಕು ಸಲ ಚುಚ್ಚಿಸಿಕೊಳ್ಳುವ ಜೀವದ ಮೇಲೆ ಕರುಣೆ ಇರಲಿ, ಬೆರಳು ಬದಲಿಸಿ.

• ಇನ್ಸುಲಿನ್ ಎಳೆಯುವಾಗ ಬಾಟಲಿಯ ಮೇಲೂ ಸಿರಿಂಜಿನ ಮೇಲೂ ಎರಡೂ ಕಡೆ ಓದಿ. ನಮ್ಮ ದೇಶದಲ್ಲಿ ಮಿಲಿಗೆ 40 ಯೂನಿಟ್‌ನ ಬಾಟಲಿಯೂ ಇದೆ, 100 ಯೂನಿಟ್‌ನದ್ದೂ ಇದೆ. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ. ಅದಲುಬದಲಾದರೆ ಡೋಸು ಎರಡೂವರೆ ಪಟ್ಟು ಹೆಚ್ಚೋ ಕಡಿಮೆಯೋ ಆಗಿಬಿಡುತ್ತದೆ. ಸಿರಿಂಜ್ ಪಂಪಿಗೆ ಹಾಕಲು 50 ಯೂನಿಟ್ ಬೇಕಾದರೆ 40ರ ಬಾಟಲಿಯಿಂದ 1.25 ಮಿಲಿ, 100ರದ್ದರಿಂದ 0.5 ಮಿಲಿ. ಎಷ್ಟೇ ದುಬಾರಿ ಪಂಪಾದರೂ ಒಳಗೆ ನೀವು ತುಂಬಿದ್ದನ್ನೇ ತಳ್ಳುತ್ತದೆ, ಅದಕ್ಕೆ ಬಾಟಲಿ ಯಾವುದೆಂದು ಗೊತ್ತಿಲ್ಲ.

ಪಂಪಿನ ಮಾತು ಬಂತಲ್ಲ, ಅದರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಉಳಿದ ಯಂತ್ರಗಳು ತಪ್ಪು ಅಂಕಿ ತೋರಿಸಿದರೆ ಇನ್ನೊಮ್ಮೆ ನೋಡಿಕೊಳ್ಳಬಹುದು. ಸಿರಿಂಜ್ ಪಂಪ್ ಮಾತ್ರ ನೀವು ಆ ಕಡೆ ತಿರುಗಿದಾಗಲೂ ಮದ್ದನ್ನು ನೇರ ರಕ್ತಕ್ಕೆ ಬಿಡುತ್ತಲೇ ಇರುತ್ತದೆ.

• ವೇಗ ಒತ್ತಿದ ಮೇಲೆ ಅಂಕಿಯನ್ನು ಬಾಯಿಬಿಟ್ಟು ಓದಿ: "ಗಂಟೆಗೆ ಐದು ಮಿಲಿ." ಇನ್ನೊಬ್ಬ ಸಿಸ್ಟರ್ ಬಂದು ನೋಡಲಿ. 5.0 ಎಂದು ಬರೆಯಬೇಡಿ, ಬರೀ 5 ಬರೆಯಿರಿ, ಚುಕ್ಕಿ ಮಾಸಿದರೆ ಅದು 50 ಆಗುತ್ತದೆ. ಒಂದಕ್ಕಿಂತ ಕಡಿಮೆ ಇದ್ದರೆ .5 ಬೇಡ, 0.5 ಬರೆಯಿರಿ. ಇನ್ಸುಲಿನ್ನಿಗೆ ಇಂಗ್ಲಿಷಿನ ಯು ಅಕ್ಷರ ಗೀಚಬೇಡಿ, ಅವಸರದ ಕಣ್ಣಿಗೆ ಅದು ಸೊನ್ನೆ. ಯೂನಿಟ್ ಎಂದು ಪೂರ್ತಿ ಬರೆದರೆ ಶಾಯಿ ಏನೂ ಖರ್ಚಾಗುವುದಿಲ್ಲ.

• ಯಾವ ಕಂಪನಿಯ, ಎಷ್ಟು ಮಿಲಿಯ ಸಿರಿಂಜ್ ಹಾಕಿದ್ದೀರಿ ಎಂದು ಪಂಪ್ ಕೇಳಿದಾಗ ಸುಮ್ಮನೆ ಓಕೆ ಒತ್ತಬೇಡಿ. ಸಿರಿಂಜಿನ ಕೊಳವೆಯ ದಪ್ಪ ಒಂದೊಂದು ಕಂಪನಿಯದ್ದು ಒಂದೊಂದು ಥರ, ದಪ್ಪ ಬೇರೆಯಾದರೆ ಹೋಗುವ ಮದ್ದಿನ ಪ್ರಮಾಣವೂ ಬೇರೆ. ಸ್ಟೋರಿನವರು ಈ ತಿಂಗಳು ಅಗ್ಗದ ಬ್ರ್ಯಾಂಡ್ ಕಳಿಸಿದ್ದರೆ ಅದನ್ನೂ ಹ್ಯಾಂಡೋವರಿನಲ್ಲಿ ಹೇಳಿ.

• ಸಿರಿಂಜಿನ ಹಿಂಬದಿ ಪಂಪಿನ ಹಿಡಿಕೆಯಲ್ಲಿ ಕ್ಲಿಕ್ ಎಂದು ಕೂತಿದೆಯೇ ನೋಡಿ. ಸಡಿಲವಾಗಿದ್ದು ಪಂಪು ರೋಗಿಗಿಂತ ಎತ್ತರದಲ್ಲಿದ್ದರೆ ಮದ್ದು ತಾನಾಗಿಯೇ ಸರ್ರನೆ ಇಳಿಯಬಹುದು. ಪಂಪನ್ನು ರೋಗಿಯ ಎದೆಯ ಮಟ್ಟದ ಆಸುಪಾಸಿನಲ್ಲೇ ಕಟ್ಟಿ.

• ಆಕ್ಲೂಷನ್ ಎಂದು ಕೂಗಿದರೆ ಮಡಚಿದ ಕೊಳವೆಯನ್ನು ಗಪ್ಪನೆ ಬಿಡಿಸಬೇಡಿ. ತಡೆಯ ಹಿಂದೆ ಒತ್ತಡ ಕಟ್ಟಿರುತ್ತದೆ, ಬಿಡಿಸಿದ ಕ್ಷಣ ಒಂದು ಗುಕ್ಕು ಮದ್ದು ಒಟ್ಟಿಗೇ ಒಳಗೆ ಹೋಗುತ್ತದೆ. ನಾರ್‌ಅಡ್ರಿನಾಲಿನ್ ಥರದ್ದಾದರೆ ಬಿಪಿ ಆಕಾಶಕ್ಕೆ. ಮೊದಲು ಪಂಪ್ ನಿಲ್ಲಿಸಿ, ರೋಗಿಯ ಕಡೆಯ ಕ್ಲ್ಯಾಂಪ್ ಹಾಕಿ, ಸಿರಿಂಜಿನ ಕಡೆಯಿಂದ ಒತ್ತಡ ಇಳಿಸಿ, ಆಮೇಲೆ ಬಿಡಿಸಿ.

• ಡೋಪಮಿನ್, ಡೋಬ್ಯುಟಮಿನ್ ಪಕ್ಕಪಕ್ಕದಲ್ಲೇ ಓಡುತ್ತಿದ್ದರೆ ಸಿರಿಂಜಿಗೊಂದು, ಕೊಳವೆಯ ಆ ತುದಿಗೊಂದು, ಹೀಗೆ ಎರಡೂ ಕಡೆ ಹೆಸರಿನ ಚೀಟಿ ಅಂಟಿಸಿ. ಬಿಪಿ ಹಿಡಿದಿಟ್ಟ ಮದ್ದು ಖಾಲಿಯಾಗುವ ಮೊದಲೇ ಮುಂದಿನ ಸಿರಿಂಜ್ ತುಂಬಿ ಟ್ರೇಯಲ್ಲಿಡಿ. "ಮುಗಿಯಲಿ, ಅಲಾರಾಂ ಹೊಡೆಯುತ್ತಲ್ಲ" ಎಂದು ಕೂತರೆ ಅದು ಹೊಡೆಯುವ ಹೊತ್ತಿಗೆ ನೀವು ಇನ್ನೊಂದು ಹಾಸಿಗೆಯಲ್ಲಿ ಸಕ್ಷನ್ ಮಾಡುತ್ತಿರುತ್ತೀರಿ.

• ಬಳಸದೆ ಇಟ್ಟ ಪಂಪೂ ಪ್ಲಗ್ಗಿನಲ್ಲೇ ಇರಲಿ. ರೋಗಿಯನ್ನು ಸ್ಕ್ಯಾನಿಂಗಿಗೆ ಒಯ್ಯುವಾಗ ಲಿಫ್ಟಿನ ನಡುವೆ ಬ್ಯಾಟರಿ ಸತ್ತರೆ ಯಾರನ್ನು ಕೂಗುತ್ತೀರಿ?

• ಪ್ಲಗ್ ಎಂದಾಗ ನೆನಪಾಯಿತು. ಜೀವ ಉಳಿಸುವ ಯಂತ್ರದ ಪ್ಲಗ್ಗಿಗೆಲ್ಲ ಕೆಂಪು ಟೇಪ್ ಸುತ್ತಿ, "ತೆಗೆಯಬೇಡಿ" ಎಂದು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದು ಅಂಟಿಸಿ. ರೋಗಿಯ ಕಡೆಯವರು ಪಾಪ, ಮೊಬೈಲ್ ಚಾರ್ಜ್ ಮಾಡಬೇಕು ಎಂದು ಯಾವುದೋ ಒಂದನ್ನು ಕಿತ್ತುಬಿಡುತ್ತಾರೆ. ಕೇಳಿದರೆ "ಅದು ಸುಮ್ನೆ ಇತ್ತಲ್ಲ ಸಿಸ್ಟರ್" ಅನ್ನುತ್ತಾರೆ. ಅವರ ಮೇಲೆ ರೇಗಬೇಡಿ, ಊರಿಗೆ ಫೋನ್ ಮಾಡಬೇಕಲ್ಲ. ಕಾರಿಡಾರಿನಲ್ಲಿ ಚಾರ್ಜಿಗೊಂದು ಜಾಗ ತೋರಿಸಿ.

• ನವಜಾತ ಶಿಶುವಿನ ವಾರ್ಮರ್‌ನಲ್ಲಿ ತಾಪದ ಪ್ರೋಬ್ ಮಗುವಿನ ಮೈಗೆ ಅಂಟಿದೆಯೇ ಎಂದು ಹೋಗುತ್ತಾ ಬರುತ್ತಾ ನೋಡಿ. ಮಗು ಅಂಗಾತ ಮಲಗಿದ್ದರೆ ಹೊಟ್ಟೆಯ ಮೇಲ್ಭಾಗದಲ್ಲಿ ಬಲಗಡೆ ಅಂಟಿಸಿ, ಮೈಯಡಿಗೆ ಸಿಗದಿರಲಿ. ಪ್ರೋಬ್ ಕಳಚಿ ಬಿದ್ದರೆ ಅದು ಗಾಳಿಯ ತಂಪನ್ನು ಅಳೆದು "ಮಗು ತಣ್ಣಗಿದೆ" ಎಂದು ಹೀಟರಿಗೆ ಹೇಳುತ್ತದೆ, ಹೀಟರು ಇನ್ನಷ್ಟು ಕಾಯಿಸುತ್ತದೆ, ಕೂಸು ಬೇಯುತ್ತದೆ. ಪರದೆಯಲ್ಲಿ ಏನೇ ಇರಲಿ, ನಿಮ್ಮ ಕೈ ಮಗುವಿನ ಹೊಟ್ಟೆ ಮುಟ್ಟಲಿ, ಪಾದ ಮುಟ್ಟಲಿ.

• ಮಗುವನ್ನು ತೂಗುವಾಗ ಬಟ್ಟೆ ಹಾಸಿ, ಅಂಕಿಯನ್ನು ಸೊನ್ನೆ ಮಾಡಿ, ಆಮೇಲೆ ಮಲಗಿಸಿ. ಟವೆಲಿನ ತೂಕ ಸೇರಿದರೆ ಆ ತೂಕಕ್ಕೇ ಮದ್ದಿನ ಲೆಕ್ಕ ಕಟ್ಟುತ್ತಾರೆ. ದೊಡ್ಡವರಿಗೆ ನೂರು ಗ್ರಾಂ ಏನೂ ಅಲ್ಲ, ಒಂದೂವರೆ ಕಿಲೋದ ಕೂಸಿಗೆ ಬಹಳ.

• ಹೆರಿಗೆ ವಾರ್ಡಿನಲ್ಲಿ ಡಾಪ್ಲರ್ ಇಟ್ಟು ಮಗುವಿನ ಎದೆಬಡಿತ ಕೇಳುವಾಗ ಇನ್ನೊಂದು ಕೈ ತಾಯಿಯ ಮಣಿಕಟ್ಟಿನ ಮೇಲಿರಲಿ. ನೋವಿನಲ್ಲಿ ತಾಯಿಯ ನಾಡಿಯೂ ಜೋರಾಗಿರುತ್ತದೆ, ಯಂತ್ರ ಅದನ್ನೇ ಹಿಡಿದು ಮಗುವಿನದ್ದೆಂದು ಕೇಳಿಸಬಹುದು. ಎರಡೂ ಒಂದೇ ತಾಳದಲ್ಲಿದ್ದರೆ ಅನುಮಾನಪಡಿ, ಜಾಗ ಬದಲಿಸಿ ಹುಡುಕಿ.

• ಇಸಿಜಿ ತೆಗೆಯುವಾಗ ಬಲಗೈ, ಎಡಗೈ ವೈರುಗಳು ಅದಲುಬದಲಾಗದಿರಲಿ, ಹೃದಯಕ್ಕೆ ಇಲ್ಲದ ಕಾಯಿಲೆ ಕಾಗದದ ಮೇಲೆ ಕಾಣಿಸಿಕೊಳ್ಳುತ್ತದೆ. ಎದೆಯ ಮೊದಲೆರಡು ಲೀಡನ್ನು ಅಂದಾಜಿನಲ್ಲಿ ಮೇಲೆ ಅಂಟಿಸಬೇಡಿ, ಪಕ್ಕೆಲುಬು ಎಣಿಸಿ ನಾಲ್ಕನೇ ಸಂದಿಯಲ್ಲಿ ಇಡಿ. ಹೆಂಗಸರಿಗೆ ಪರದೆ ಎಳೆದು, ಸೆರಗು ಹೊದಿಸಿ ಮಾಡಿ. ನಾಚಿಕೆಯಿಂದ ಮೈ ಬಿಗಿಹಿಡಿದರೆ ಗೆರೆಯೂ ನಡುಗುತ್ತದೆ.

• ಇಸಿಜಿಯಲ್ಲಿ ರೋಗಿಯ ಹೆಸರು, ವಯಸ್ಸು, ಹೊತ್ತು ಒತ್ತಿಯೇ ಕಳಿಸಿ. ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ದೊಡ್ಡ ಆಸ್ಪತ್ರೆಯ ತಜ್ಞರು ನೋಡಿ ಹೇಳುತ್ತಾರೆ. ಹೃದಯಾಘಾತವಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಕೊಡುತ್ತಾರೆ. ನಿಮಿಷಗಳ ಲೆಕ್ಕದ ಕೆಲಸ. ಹೆಸರಿಲ್ಲದ ಇಸಿಜಿ ಹೋದರೆ "ಇದು ಯಾರದ್ದು?" ಎಂದು ಕೇಳುವುದರಲ್ಲೇ ಆ ನಿಮಿಷಗಳು ಹೋಗುತ್ತವೆ. ಯಂತ್ರವೇ ಮೇಲುಗಡೆ "ನಾರ್ಮಲ್" ಎಂದು ಅಚ್ಚು ಹಾಕಿದರೂ ಎದೆನೋವಿನವರ ಇಸಿಜಿಯನ್ನು ಡಾಕ್ಟರಿಗೆ ತೋರಿಸದೆ ಫೈಲಿಗೆ ಸೇರಿಸಬೇಡಿ.

• ಇಸಿಜಿ ಕಾಗದ ಶಾಖಕ್ಕೆ ಅಚ್ಚಾಗುವಂಥದ್ದು, ಕಿಟಕಿ ಬಿಸಿಲಿಗೂ ಪ್ಲಾಸ್ಟಿಕ್ ಕವರಿಗೂ ಮಾಸಿಹೋಗುತ್ತದೆ. ಆವತ್ತೇ ಒಂದು ಜೆರಾಕ್ಸ್ ಮಾಡಿಸಿ ಕೇಸ್ ಶೀಟಿಗೆ ಸೇರಿಸಿ. ಎರಡು ರೂಪಾಯಿ ಮಾತು.

ಇನ್ನು ಕಂಪ್ಯೂಟರಿನ ಎಂಟ್ರಿ. ಬರೆಯುವ ಕೆಲಸ ಕಡಿಮೆಯಾಗುತ್ತದೆ ಎಂದು ಹೇಳಿ ತಂದರು. ಆಯಿತೋ ಇಲ್ಲವೋ ನೀವೇ ಹೇಳಬೇಕು. ಬಹಳ ಕಡೆ ಪುಸ್ತಕದಲ್ಲೂ ಬರೆದು ಪರದೆಯಲ್ಲೂ ಒತ್ತುವ ಎರಡು ಕೆಲಸ ಈಗಲೂ ನಡೆದಿದೆ, ಅದು ನಿಮ್ಮ ತಪ್ಪಲ್ಲ.

• ನಿಮ್ಮ ಲಾಗಿನ್‌ನಲ್ಲೇ ನೀವು ಬರೆಯಿರಿ. "ಅಕ್ಕ, ನಿಮ್ದು ಓಪನ್ ಇದೆ, ಒಂದೇ ಎಂಟ್ರಿ" ಎಂದು ಕಿರಿಯವರು ಬಂದರೆ ನಗುತ್ತಲೇ ಲಾಗೌಟ್ ಆಗಿ ಜಾಗ ಬಿಡಿ. ನಾಳೆ ವಿಚಾರಣೆ ಬಂದರೆ ಕಂಪ್ಯೂಟರ್ ಹೇಳುವುದು ನಿಮ್ಮ ಹೆಸರನ್ನೇ. ಪಾಸ್‌ವರ್ಡನ್ನು ಚೀಟಿ ಬರೆದು ಕೀಬೋರ್ಡ್ ಅಡಿಗೆ ಇಡಬೇಡಿ. ಎಲ್ಲರೂ ಅಲ್ಲೇ ಇಡುವುದು, ಎಲ್ಲರಿಗೂ ಗೊತ್ತು.

• ನಿನ್ನೆಯ ನೋಟ್ಸನ್ನು ಕಾಪಿ ಮಾಡಿ ಇವತ್ತಿಗೆ ಅಂಟಿಸಬೇಡಿ. ಕ್ಯಾಥೆಟರ್ ತೆಗೆದು ಎರಡು ದಿನವಾದರೂ "ಕ್ಯಾಥೆಟರ್ ಇದೆ, ಮೂತ್ರ ಸರಾಗ" ಎಂದು ಉಳಿದಿರುತ್ತದೆ. ಓದಿದವರು ನಗುತ್ತಾರೆ, ಕೋರ್ಟಿನಲ್ಲಾದರೆ ನಗುವುದಿಲ್ಲ. ಎರಡೇ ಸಾಲಾದರೂ ಇವತ್ತಿನದ್ದು ಬರೆಯಿರಿ.

• ಮದ್ದು ಕೊಟ್ಟ ಮೇಲೆ ಟಿಕ್ ಹಾಕಿ, ಮೊದಲೇ ಬೇಡ. ಟಿಕ್ ಹಾಕಿ ಹೊರಟಾಗ ಯಾರೋ ಕರೆಯುತ್ತಾರೆ, ಮಾತ್ರೆ ಟ್ರೇಯಲ್ಲೇ ಉಳಿಯುತ್ತದೆ, ಕಂಪ್ಯೂಟರಿನಲ್ಲಿ ಮಾತ್ರ ರೋಗಿ ನುಂಗಿ ಆಗಿರುತ್ತದೆ. ತಡವಾಗಿ ಎಂಟ್ರಿ ಮಾಡಿದರೆ ಕೊಟ್ಟ ನಿಜವಾದ ಹೊತ್ತನ್ನೇ ಹಾಕಿ. ಗೋಡೆಯ ಗಡಿಯಾರ, ಮಾನಿಟರ್, ಕಂಪ್ಯೂಟರ್ ಮೂರೂ ಒಂದೇ ಹೊತ್ತು ತೋರಿಸುತ್ತಿವೆಯೇ ಎಂದು ಸೋಮವಾರಕ್ಕೊಮ್ಮೆ ನೋಡಿ ಸರಿಮಾಡಿಸಿ.

• ಒಂದೇ ವಾರ್ಡಿನಲ್ಲಿ ಇಬ್ಬರು ಲಕ್ಷ್ಮಮ್ಮ ಇದ್ದೇ ಇರುತ್ತಾರೆ, ಕೆಲವು ಸಲ ಮೂವರು. ಹಾಸಿಗೆ ನಂಬರ್ ನೋಡಿ ಮದ್ದು ಕೊಡಬೇಡಿ, ಹಾಸಿಗೆ ಬದಲಾಗುತ್ತದೆ. ಪೂರ್ತಿ ಹೆಸರು, ಐಪಿ ನಂಬರ್ ಎರಡನ್ನೂ ಕೈಪಟ್ಟಿಯಲ್ಲಿ ನೋಡಿ. "ನೀವು ಲಕ್ಷ್ಮಮ್ಮನಾ?" ಎಂದು ಕೇಳಿದರೆ ಕಿವಿ ಕೇಳದ ಅಜ್ಜಿ ಎಲ್ಲದಕ್ಕೂ ಹೂಂ ಅನ್ನುತ್ತದೆ. "ನಿಮ್ಮ ಹೆಸರೇನಜ್ಜಿ, ಯಾವೂರು?" ಎಂದು ಕೇಳಿ, ಅವರೇ ಹೇಳಲಿ.

• ಬಾರ್‌ಕೋಡ್ ಚೀಟಿಗಳನ್ನು ಕೌಂಟರಿನಲ್ಲಿ ಕೂತು ಎಲ್ಲ ಟ್ಯೂಬಿಗೂ ಮೊದಲೇ ಅಂಟಿಸಿಕೊಂಡು ಹೊರಡಬೇಡಿ. ರಕ್ತ ತೆಗೆದ ಮೇಲೆ ರೋಗಿಯ ಪಕ್ಕದಲ್ಲೇ ನಿಂತು ಅಂಟಿಸಿ, ನೆಟ್ಟಗೆ ಉದ್ದಕ್ಕೆ. ಸೊಟ್ಟಗೆ ಅಂಟಿಸಿದರೆ ಲ್ಯಾಬಿನ ಯಂತ್ರ ಓದುವುದಿಲ್ಲ, ಆಮೇಲೆ ಆ ಬಡಪಾಯಿಗೆ ಇನ್ನೊಂದು ಚುಚ್ಚು. ಸ್ಕ್ಯಾನ್ ಆಗದ ಕೈಪಟ್ಟಿಯನ್ನು ಹೊಸದಾಗಿ ಹಾಕಿಸಿ. ಅದರ ಫೋಟೋ ಕೌಂಟರಿಗೆ ಅಂಟಿಸಿಕೊಂಡು ಅಲ್ಲೇ ಸ್ಕ್ಯಾನ್ ಮಾಡುವ ಜಾಣತನ ಬೇಡ, ಆ ಉಪಾಯ ನನಗೂ ಗೊತ್ತು.

• ಸರ್ವರ್ ಡೌನ್ ಆದ ದಿನಕ್ಕೆ ಅಂತಲೇ ಒಂದು ಪೆಟ್ಟಿಗೆ ಇಡಿ: ಖಾಲಿ ಚಾರ್ಟು, ಇಂಡೆಂಟ್ ಫಾರಂ, ಕಾರ್ಬನ್ ಹಾಳೆ, ಬರೆಯುವ ಪೆನ್ನು. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಸರ್ವರ್‌ಗಳ ಮೇಲೆ ಸೈಬರ್ ದಾಳಿಯಾದಾಗ ಅಷ್ಟು ದೊಡ್ಡ ಆಸ್ಪತ್ರೆಯೂ ದಿನಗಟ್ಟಲೆ ಕೈಬರಹದಲ್ಲೇ ನಡೆಯಿತು. ಪಾಳಿ ಮುಗಿಯುವ ಮೊದಲು ಗಂಭೀರ ರೋಗಿಗಳ ಮದ್ದಿನ ಪಟ್ಟಿಯನ್ನು ಪ್ರಿಂಟ್ ತೆಗೆದಿಡಿ. ಕರೆಂಟ್ ಕೈಕೊಡುವ ಮಳೆಗಾಲದಲ್ಲಿ ಇದನ್ನು ತಪ್ಪಿಸಲೇಬೇಡಿ. ಆಫೀಸ್ ಕಂಪ್ಯೂಟರಿಗೆ ನಿಮ್ಮ ಪೆನ್‌ಡ್ರೈವ್ ಚುಚ್ಚಬೇಡಿ, ಗುರುತಿಲ್ಲದ ಮೇಲ್ ತೆರೆಯಬೇಡಿ.

• ಟೈಪ್ ಮಾಡುವಾಗ ರೋಗಿಗೆ ಬೆನ್ನು ಹಾಕಿ ಕೂರಬೇಡಿ. ಮೊಬೈಲೋ ಟ್ಯಾಬೋ ಹಿಡಿದಿದ್ದರೆ "ಅಜ್ಜಿ, ನಿಮ್ಮ ಮಾತ್ರೇನೇ ಬರ್ಕೋತಿದೀನಿ" ಎಂದು ಒಂದು ಮಾತು ಹೇಳಿ. ಇಲ್ಲದಿದ್ದರೆ ಅವರ ಮಗ ಊರಿಗೆ ಹೋಗಿ "ನರ್ಸುಗಳು ಫೋನ್ ಒತ್ಕೊಂಡೇ ಇರ್ತಾರೆ" ಅನ್ನುತ್ತಾನೆ, ಅವನಿಗೆ ಕಂಡಿದ್ದು ಅದೇ.

ಉಪಕೇಂದ್ರದಲ್ಲಿ, ಹಳ್ಳಿಯಲ್ಲಿ ಓಡಾಡುವ ಸಿಸ್ಟರ್‌ಗಳಿಗೆ ಎರಡು ಮಾತು ಬೇರೆಯೇ ಹೇಳಬೇಕು. ನಿಮ್ಮದು ನೆಟ್‌ವರ್ಕ್ ಇಲ್ಲದ ಊರಿನ ಪಾಡು. ಮೇಲಿನವರು ಇವತ್ತೇ ಎಂಟ್ರಿ ಕೇಳುತ್ತಾರೆ, ಬೆಟ್ಟದ ಮರೆಯಲ್ಲಿ ಟವರ್ ಸಿಗುವುದಿಲ್ಲ.

• ಟ್ಯಾಬ್ ಇದೆ ಎಂದು ಡೈರಿ ಬಿಡಬೇಡಿ. ತಾಯಿ ಕಾರ್ಡಿನ ನಂಬರ್, ಕೊನೆಯ ಮುಟ್ಟಿನ ದಿನ, ಹಿಮೋಗ್ಲೋಬಿನ್, ಇಷ್ಟು ಕೈಯಲ್ಲಿ ಬರೆದಿಟ್ಟುಕೊಳ್ಳಿ. ಆರ್‌ಸಿಎಚ್ ಎಂಟ್ರಿಯನ್ನು ನೆಟ್‌ವರ್ಕ್ ಸಿಗುವ ಜಾಗಕ್ಕೆ ಬಂದಾಗ ಸಿಂಕ್ ಮಾಡಿ, ಆಯಿತೇ ಎಂದು ನೋಡಿದ ಮೇಲೆ ಆ್ಯಪ್ ಮುಚ್ಚಿ. ತಿಂಗಳ ಕೊನೆಯ ದಿನಕ್ಕೆ ಕೂಡಿಡಬೇಡಿ, ಆವತ್ತು ಎಲ್ಲರೂ ಒತ್ತುತ್ತಾರೆ, ಪೋರ್ಟಲ್ ತಿರುಗುತ್ತಲೇ ಇರುತ್ತದೆ.

• ಲಸಿಕೆ ಕ್ಯಾರಿಯರ್ ಇಟ್ಟ ಚೀಲದಲ್ಲೇ ಟ್ಯಾಬ್ ತುರುಕಬೇಡಿ. ಐಸ್‌ಪ್ಯಾಕ್ ಬೆವರುತ್ತದೆ, ನೀರು ಚಾರ್ಜರ್ ತೂತಿಗೆ ಇಳಿಯುತ್ತದೆ. ಪವರ್ ಬ್ಯಾಂಕನ್ನು ಹಿಂದಿನ ರಾತ್ರಿಯೇ ಚಾರ್ಜಿಗೆ ಹಾಕಿ.

• ಲಸಿಕೆ ಫ್ರಿಜ್ಜಿನ ತಾಪ ಇವಿನ್ ಸಾಧನದಿಂದ ಮೊಬೈಲಿಗೆ ಬರುತ್ತದೆ, ನಿಜ. ಆದರೂ ಬೆಳಗ್ಗೆ ಸಂಜೆ ಒಳಗಿನ ಥರ್ಮಾಮೀಟರ್ ನೋಡಿ ಬರೆಯಿರಿ, 2ರಿಂದ 8 ಡಿಗ್ರಿಯ ನಡುವೆ ಇರಲಿ. ಎಲ್ಲರಿಗೂ ಬಿಸಿಯಾಗುವ ಭಯ. ಪೆಂಟಾವೇಲೆಂಟ್, ಹೆಪಟೈಟಿಸ್ ಬಿ, ಟಿಡಿ ಲಸಿಕೆಗಳು ಹೆಪ್ಪುಗಟ್ಟಿದರೂ ಕೆಟ್ಟವೇ, ನೋಡಲು ಮಾತ್ರ ಚೆನ್ನಾಗಿರುತ್ತವೆ. ತಾಪದ ಎಸ್‌ಎಂಎಸ್ ಬಂದರೆ ಓದದೆ ಸರಿಸಬೇಡಿ.

• ಆಭಾ ನಂಬರ್ ಮಾಡಿಕೊಡುವಾಗ ಹದಿನಾಲ್ಕು ಅಂಕಿಯ ಆ ನಂಬರ್ ಯಾತಕ್ಕೆ ಎಂದು ಮೊದಲು ಹೇಳಿ, ಒಪ್ಪಿದರೆ ಮಾತ್ರ ಓಟಿಪಿ ಕೇಳಿ. ಓಟಿಪಿ ಯಾರಿಗೂ ಹೇಳಬೇಡಿ ಎಂದು ಬ್ಯಾಂಕಿನವರು ಸಾರಿ ಸಾರಿ ಹೇಳಿರುತ್ತಾರೆ, ನೀವು ಏಕಾಏಕಿ "ಓಟಿಪಿ ಹೇಳಮ್ಮ" ಎಂದರೆ ಹೆದರುತ್ತಾರೆ. ಹೆದರುವುದೇ ಸರಿ. ನಂಬರನ್ನು ಒಂದು ಚೀಟಿಯಲ್ಲಿ ಬರೆದು ಕೊಡಿ.

• ಇ-ಸಂಜೀವನಿಯಲ್ಲಿ ವಿಡಿಯೋದಲ್ಲಿ ಡಾಕ್ಟರನ್ನು ಕರೆಯುವ ಮೊದಲೇ ಬಿಪಿ, ಸಕ್ಕರೆ, ತೂಕ, ಈಗ ನುಂಗುತ್ತಿರುವ ಮಾತ್ರೆಗಳ ಹಾಳೆ ಎಲ್ಲ ಸಿದ್ಧ ಮಾಡಿಕೊಳ್ಳಿ. ರೋಗಿಯ ಮುಖಕ್ಕೆ ಬೆಳಕು ಬೀಳಲಿ, ಕಿಟಕಿ ಅವರ ಬೆನ್ನ ಹಿಂದೆ ಬೇಡ. ಡಾಕ್ಟರು ಹೇಳಿದ್ದನ್ನು ರೋಗಿಗೆ ತಿಳಿಯುವ ಮಾತಿನಲ್ಲೇ ಇನ್ನೊಮ್ಮೆ ಹೇಳಿ.

• ಇನ್ನು ಮುಂದಿನವು ಮತ್ತೆ ಎಲ್ಲರಿಗೂ. ರೋಗಿಯ ಫೋಟೋ, ಎಕ್ಸ್‌ರೇ, ಗಾಯ ಯಾವುದನ್ನೂ ಸ್ವಂತ ಮೊಬೈಲಿನಲ್ಲಿ ಇಟ್ಟುಕೊಳ್ಳಬೇಡಿ. ಡಾಕ್ಟರೇ ಕೇಳಿದ್ದರೆ ರೋಗಿಗೆ ಹೇಳಿ, ಹೆಸರು ಮುಖ ಬಾರದ ಹಾಗೆ ತೆಗೆದು, ಕಳಿಸಿ, ಅಳಿಸಿ. ಗ್ಯಾಲರಿಯಲ್ಲಿ ಅಳಿಸಿದರೆ ಸಾಲದು, ಟ್ರ್ಯಾಶಿನಲ್ಲೂ ಅಳಿಸಿ. ಮನೆಯಲ್ಲಿ ನಿಮ್ಮ ಮಗು ಅದೇ ಫೋನಿನಲ್ಲಿ ಆಟ ಆಡುತ್ತದೆ. 2023ರಲ್ಲಿ ಡಿಜಿಟಲ್ ವೈಯಕ್ತಿಕ ಮಾಹಿತಿಯ ರಕ್ಷಣೆಗೆ ಸಂಸತ್ತು ಕಾಯ್ದೆಯನ್ನೇ ಮಾಡಿದೆ. ಕಾಯ್ದೆ ಇಲ್ಲದಿದ್ದರೂ ಇನ್ನೊಬ್ಬರ ಮನೆಯ ನೋವು ನಮ್ಮ ಸ್ಟೇಟಸ್ಸಿಗೆ ಹಾಕುವ ವಸ್ತುವಲ್ಲ. ಯೂನಿಫಾರ್ಮಿನಲ್ಲಿ ರೀಲ್ಸ್ ಮಾಡುವ ಆಸೆ ಇದ್ದರೆ ಹಿಂದುಗಡೆ ಯಾರ ಹಾಸಿಗೆ ಕಾಣುತ್ತಿದೆ ನೋಡಿಕೊಳ್ಳಿ. ಇಲ್ಲ, ಮನೆಯಲ್ಲೇ ಮಾಡಿ.

• ವಾಟ್ಸ್ಆ್ಯಪಿನಲ್ಲಿ ಬಂದ ಆರ್ಡರನ್ನು ಹಾಗೇ ಕೊಡಬೇಡಿ. ಫೋನ್ ಮಾಡಿ, ಮದ್ದಿನ ಹೆಸರು, ಡೋಸು, ರೋಗಿಯ ಹೆಸರು ಓದಿ ಹೇಳಿ, ಡಾಕ್ಟರು ಹೌದೆಂದ ಮೇಲೆ ಕೊಡಿ, ಹೊತ್ತು ಹಾಕಿ ಬರೆಯಿರಿ. ಅವರು ಬಂದ ಕೂಡಲೇ ಸಹಿ ಹಾಕಿಸಿ. ನಾಚಿಕೆ ಬೇಡ, ಬೇಕಾದರೆ ಬೈಸಿಕೊಳ್ಳಿ. "ಆಮೇಲೆ ಹಾಕ್ತೀನಿ ಸಿಸ್ಟರ್" ಎಂದ ಸಹಿ ಬಹಳ ಸಲ ಬೀಳುವುದೇ ಇಲ್ಲ.

• ಮದ್ದಿನ ಲೆಕ್ಕವನ್ನು ಈಗ ಎಐ ಹತ್ತಿರ ಕೇಳುತ್ತೀರಂತೆ. ಓದಲು, ಇಂಗ್ಲಿಷ್ ಪಾಠ ತಿಳಿಯಲು ಕೇಳಿ, ಚೆನ್ನಾಗಿದೆ. ರೋಗಿಯ ಹೆಸರು, ರಿಪೋರ್ಟು ಅದರೊಳಗೆ ಹಾಕಬೇಡಿ. ತಪ್ಪನ್ನೂ ಅದು ಅಷ್ಟೇ ಗಟ್ಟಿ ದನಿಯಲ್ಲಿ ಹೇಳುತ್ತದೆ, ಡೋಸನ್ನು ಕಾಗದದ ಮೇಲೆ ನೀವೇ ಕಟ್ಟಿ, ಫಾರ್ಮಸಿಯವರನ್ನೋ ಡಾಕ್ಟರನ್ನೋ ಕೇಳಿ ಖಾತ್ರಿ ಮಾಡಿಕೊಳ್ಳಿ.

• ಫೋನನ್ನು ದಿನಕ್ಕೆರಡು ಸಲ ಶೇಕಡಾ 70ರ ಆಲ್ಕೋಹಾಲ್ ಹತ್ತಿಯಲ್ಲಿ ಒರೆಸಿ, ಕವರ್ ಬಿಚ್ಚಿ ಒರೆಸಿ. ಗ್ಲೌಸ್ ಹಾಕಿದ ಕೈಯಲ್ಲಿ ಫೋನೂ ಕೀಬೋರ್ಡೂ ಬೇಡ. ಪರದೆಗಳ ಮೇಲೆ ನೇರ ಸ್ಪ್ರೇ ಹೊಡೆಯಬೇಡಿ, ಬಟ್ಟೆಗೆ ಹಾಕಿ ಒರೆಸಿ. ಎಂಆರ್‌ಐ ಕೋಣೆಗೆ ಹೋಗುವಾಗ ಫೋನು, ಕತ್ತರಿ, ಪೆನ್ನು ಎಲ್ಲ ಹೊರಗೆ. ಕಣ್ಣಪಾಪೆ ನೋಡಲು ಮೊಬೈಲ್ ಟಾರ್ಚ್ ಬಿಡಬೇಡಿ, ಪೆನ್ ಟಾರ್ಚ್ ಒಂದು ಕೊಂಡಿಟ್ಟುಕೊಳ್ಳಿ.

• ಡೀಫಿಬ್ರಿಲೇಟರನ್ನು ಪ್ರತಿ ಪಾಳಿಯಲ್ಲೂ ಆನ್ ಮಾಡಿ ಪರೀಕ್ಷಿಸಿ ಸಹಿ ಹಾಕಿ. ನೋಡದೆ ಸಹಿ ಮಾತ್ರ ಹಾಕುವುದಾದರೆ ಹಾಕಲೇಬೇಡಿ.

• ನಿಮ್ಮ ನೋಂದಣಿ ಪತ್ರ, ನರ್ಸಿಂಗ್ ಕೌನ್ಸಿಲ್ ನವೀಕರಣದ ರಸೀತಿ, ಅನುಭವ ಪತ್ರ ಎಲ್ಲವನ್ನೂ ಸ್ಕ್ಯಾನ್ ಮಾಡಿ ಎರಡು ಕಡೆ ಇಡಿ. ಗಲ್ಫಿಗೆ, ಜರ್ಮನಿಗೆ ಕೆಲಸ ಕೊಡಿಸುತ್ತೇನೆ ಎಂದು ಮೆಸೇಜ್ ಹಾಕಿದ ಅಪರಿಚಿತನಿಗೆ ಇದನ್ನೆಲ್ಲ ಕಳಿಸಬೇಡಿ. ಮೊದಲು ಆ ಏಜೆಂಟನಿಗೆ ವಿದೇಶಾಂಗ ಸಚಿವಾಲಯದ ಪರವಾನಗಿ ಇದೆಯೇ ಎಂದು ಇ-ಮೈಗ್ರೇಟ್ ಪೋರ್ಟಲಿನಲ್ಲಿ ನೋಡಿ.

• ಕೆಟ್ಟ ಯಂತ್ರವನ್ನು ಒರೆಸಿ ಮತ್ತೆ ಶೆಲ್ಫಿನಲ್ಲಿ ಇಡಬೇಡಿ, ರಾತ್ರಿಯವರು ಅವಸರದಲ್ಲಿ ಅದನ್ನೇ ಎತ್ತಿಕೊಳ್ಳುತ್ತಾರೆ. ಚೀಟಿ ಕಟ್ಟಿ ಬೇರೆ ಇಡಿ. ಬರೀ "ಕೆಟ್ಟಿದೆ" ಎಂದು ಬರೆದರೆ ಬಯೋಮೆಡಿಕಲ್ ಹುಡುಗ ಬಂದು ಆನ್ ಮಾಡಿ, "ಸರಿಯಾಗೇ ಇದೆಯಲ್ಲ ಸಿಸ್ಟರ್" ಎಂದು ಹೋಗುತ್ತಾನೆ. ಯಾವಾಗ, ಎಷ್ಟು ಹೊತ್ತು ಓಡಿದ ಮೇಲೆ, ಏನು ತೋರಿಸಿ ನಿಂತಿತು ಎಂದು ಬರೆಯಿರಿ. ಅವನ ಫೋನ್ ನಂಬರನ್ನು ಕೌಂಟರಿನ ಗೋಡೆಗೆ ದೊಡ್ಡದಾಗಿ ಅಂಟಿಸಿ.